ಬೈಗಿನ ಬಣ್ಣ

ಹಗಲೂ ಅಲ್ಲದ, ಇರುಳೂ ಅಲ್ಲದ ಹೊತ್ತಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಬೈಗು, ಸಂಜೆ, ಮುಸ್ಸಂಜೆ, ಗೋಧೂಳಿ. ಇವುಗಳಲ್ಲಿ ಗೋಧೂಳಿ ಎಂಬುದು ಹೆಸರೂ ಹೌದು, ಒಂದು ವಿವರಣೆಯೂ ಹೌದು. ಮೇವು ಮುಗಿಸಿ ಕೊಟ್ಟಿಗೆಗೆ ಮರಳುವ ದನಗಳ ಗೊರಸಿನಿಂದೆದ್ದ ಧೂಳೇ ಪಡುವಣವನ್ನು ಕೆಂಪಾಗಿಸಿತೆಂದು ಯಾರಾದರೂ ಭಾವಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಆದರೆ ದನವೊಂದೂ ಸುಳಿಯದ ನಡುಗಡಲಿನಲ್ಲಿಯೂ ಸಂಜೆ ಕೆಂಪಾಗುತ್ತದೆ. ಆ ಕೆಂಪಿನ ಮೂಲವನ್ನು ನೆಲದ ಧೂಳಿನಲ್ಲಲ್ಲ, ಗಾಳಿಯಲ್ಲಿಯೇ ಹುಡುಕಬೇಕು.

1871ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರ‍್ಯಾಲೆ ಈ ಗುಟ್ಟನ್ನು ಗಣಿತದ ಭಾಷೆಯಲ್ಲಿ ಬಿಡಿಸಿ ಹೇಳಿದನು. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಗಾಳಿಯ ಅಣುಗಳು ಕಿರಿಯ ಅಲೆಯ ನೀಲಿಯನ್ನು ಬಹಳವಾಗಿಯೂ ಹಿರಿಯ ಅಲೆಯ ಕೆಂಪನ್ನು ಅಲ್ಪವಾಗಿಯೂ ಚೆದುರಿಸುತ್ತವೆ. ಕೆಂಪಿಗಿಂತ ನೀಲಿ ಚೆದುರುವುದು ಸುಮಾರು ನಾಲ್ಕು ಮಡಿ ಹೆಚ್ಚು. ನಡುಹಗಲಿನ ಆಗಸ ನೀಲಿಯಾಗಿರುವುದು ಇದರಿಂದಲೇ. ದಿಗಂತಕ್ಕಿಳಿದ ಸೂರ್ಯನ ಕಿರಣವಾದರೋ ನಡುನೆತ್ತಿಯ ಸೂರ್ಯನ ಕಿರಣಕ್ಕಿಂತ ಸುಮಾರು 38 ಮಡಿ ಗಾಳಿಯನ್ನು ದಾಟಿ ಬರಬೇಕು. ಅಷ್ಟು ದೂರ ಸಾಗುವಷ್ಟರಲ್ಲಿ ಅದರ ನೀಲಿಯೆಲ್ಲ ದಾರಿಯುದ್ದಕ್ಕೂ ಚೆಲ್ಲಿಹೋಗಿರುತ್ತದೆ. ಇನ್ನೂ ಹಗಲಿರುವ ಪಡುವಣ ನಾಡುಗಳ ಆಗಸಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ, ಉಳಿದ ಕೆಂಪನ್ನಷ್ಟೇ ಹೊತ್ತು ಆ ಕಿರಣ ನಮ್ಮೂರಿಗೆ ಬರುತ್ತದೆ.

ಗಾಳಿಯ ಚಮತ್ಕಾರ ಇಷ್ಟಕ್ಕೇ ಮುಗಿಯದು. ಅದು ಬೆಳಕನ್ನು ಬಾಗಿಸಲೂ ಬಲ್ಲದು. ಸೂರ್ಯಬಿಂಬದ ಕೆಳ ಅಂಚು ದಿಗಂತವನ್ನು ಮುಟ್ಟಿದಂತೆ ಕಾಣುವಾಗ, ನಿಜವಾದ ಸೂರ್ಯನು ಆಗಲೇ ಪೂರ್ತಿಯಾಗಿ ಕೆಳಗಿಳಿದುಹೋಗಿರುತ್ತಾನೆ. ಜನರು ಕೈಮುಗಿದು ಬೀಳ್ಕೊಡುವುದು ಅವನ ಬಿಂಬವನ್ನಷ್ಟೆ.

ಸಂಜೆಯಲ್ಲಿ ಎಲ್ಲರೂ ಪಡುವಣಕ್ಕೆ ಮುಖಮಾಡುತ್ತಾರೆ. ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದ ಗೃಹಿಣಿ ಗಳಿಗೆಯ ಮಟ್ಟಿಗೆ ಮೂಡಣಕ್ಕೆ ತಿರುಗಿದರೆ ಅಲ್ಲಿಯೂ ಒಂದು ನೋಟ ಕಾದಿರುತ್ತದೆ. ದಿಗಂತದ ಬಳಿ ಬೂದುನೀಲಿಯ ಪಟ್ಟೆ. ಅದರ ಮೇಲೆ ನಸುಗೆಂಪಿನ ಅಂಚು. ಆ ಬೂದುನೀಲಿ ಮೋಡವಲ್ಲ. ವಾಯುಮಂಡಲದ ಮೇಲೆ ಬಿದ್ದ ಭೂಮಿಯದೇ ನೆರಳು. ಅದು ಮೇಲೇರಿದಂತೆಲ್ಲ ಇರುಳು ಏರುತ್ತದೆ.

ನೆತ್ತಿಯ ನೀಲಿಯ ಕಥೆ ಇನ್ನೂ ಸ್ವಾರಸ್ಯಕರ. ಸೂರ್ಯನು ಮುಳುಗಿದ ಮೇಲೆ ನೆತ್ತಿಯ ಆಗಸ ಕಂದಬೇಕಿತ್ತು, ಹಳದಿಯತ್ತ ತಿರುಗಬೇಕಿತ್ತು. ಅದು ಇನ್ನಷ್ಟು ಗಾಢ ನೀಲಿಯಾಗುತ್ತದೆ! ಎತ್ತರದಲ್ಲಿರುವ ಓಝೋನ್ ಅನಿಲವು ಕಿತ್ತಳೆ ಬಣ್ಣವನ್ನು ಹೀರಿ ನೀಲಿಯನ್ನು ಉಳಿಸುವುದೇ ಇದಕ್ಕೆ ಕಾರಣವೆಂದು 1953ರಲ್ಲಿ ಅಮೆರಿಕದ ಹಲ್ಬರ್ಟ್ ತೋರಿಸಿಕೊಟ್ಟನು. ಹಗಲಿನಲ್ಲಿ ಬಿಸಿಲಿನ ಕೇಡಿನಿಂದ ಜೀವಿಗಳನ್ನು ಕಾಯುವ ಅನಿಲವೇ ಸಂಜೆಯಲ್ಲಿ ಚಿತ್ರಕಾರನಾಗುತ್ತದೆ.

ಆದರೆ ಸಂಜೆಯ ಚೆಲುವು ಯಾವಾಗಲೂ ಶುಭವಾರ್ತೆಯಲ್ಲ. 1883ರ ಆಗಸ್ಟ್ 27ರಂದು ಜಾವಾ, ಸುಮಾತ್ರಾಗಳ ನಡುವಿನ ಕ್ರಾಕಟೋವಾ ಜ್ವಾಲಾಮುಖಿ ಸಿಡಿಯಿತು. 36,000ಕ್ಕೂ ಮಿಕ್ಕ ಜನ, ಬಹುಮಟ್ಟಿಗೆ ಕಡಲಿನ ದೈತ್ಯ ಅಲೆಗಳಿಗೆ, ಆಹುತಿಯಾದರು. ಆಗ ಮೇಲೆದ್ದ ಬೂದಿಯೂ ಗಂಧಕದ ಅನಿಲವೂ ಭೂಮಿಯನ್ನು ಸುತ್ತಿದವು. ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಸೂರ್ಯನನ್ನು ಕಂಡು ಬೆರಗಾದರು. ಅಲ್ಲಿನ ಪ್ರಾಧ್ಯಾಪಕ ಮಿಚಿ ಸ್ಮಿತ್ ಅದರ ಬೆಳಕನ್ನು ಉಪಕರಣದಿಂದ ಪರೀಕ್ಷಿಸಿದರು. ಒಂದೇ ಗಾತ್ರದ ಸೂಕ್ಷ್ಮ ಕಣಗಳು ಕೆಲವೊಮ್ಮೆ ಕೆಂಪನ್ನೇ ಹೆಚ್ಚಾಗಿ ಚೆದುರಿಸಿ ಹಸಿರು, ನೀಲಿಗಳನ್ನು ದಾಟಗೊಡುತ್ತವೆ. ನವೆಂಬರಿನ ಹೊತ್ತಿಗೆ ಅಮೆರಿಕದ ಕೆಲವು ಊರುಗಳಲ್ಲಿ ಪಡುವಣದ ಕೆಂಪನ್ನು ಕಂಡವರು ಊರಿಗೆ ಬೆಂಕಿ ಬಿತ್ತೆಂದು ಅಗ್ನಿಶಾಮಕರನ್ನು ಕರೆಸಿದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಕುಳಿತು ಆಸ್ಕ್ರಾಫ್ಟ್ ಎಂಬ ಚಿತ್ರಕಾರನು ಆ ಸಂಜೆಗಳ ನೂರಾರು ವರ್ಣಚಿತ್ರಗಳನ್ನು ಬರೆದನು. ದೂರದವರ ಪಾಲಿಗೆ ಅದು ಸೊಬಗು. ಸುಂದಾ ಜಲಸಂಧಿಯ ದಡದ ಹಲವು ಹಳ್ಳಿಗಳಲ್ಲಿ ಆ ಸೊಬಗನ್ನು ನೋಡಲು ಜನವೇ ಉಳಿದಿರಲಿಲ್ಲ.

ಹಾಗೆಂದು ಗಾಳಿ ಕೆಟ್ಟಷ್ಟೂ ಸಂಜೆ ಚೆಲುವಾಗುತ್ತದೆ ಎಂಬ ಮಾತು ನಿಜವಲ್ಲ. ನಗರದ ಹೊಗೆ, ಧೂಳುಗಳ ದಪ್ಪ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತವೆ. ಆಗ ಆಗಸ ಬಿಳಿಚಿಕೊಳ್ಳುತ್ತದೆ. ಚಳಿಗಾಲದ ದೆಹಲಿಯಲ್ಲಿ ಹೊಗೆ ಮುಸುಕಿದ ದಿನಗಳಲ್ಲಿ ಸೂರ್ಯನು ದಿಗಂತವನ್ನು ತಲಪುವ ಮೊದಲೇ ಮಂಕಾಗಿ ಮರೆಯಾಗುವುದುಂಟು. ಗಾಳಿಯ ಕೊಳೆಯನ್ನೆಲ್ಲ ಮಳೆ ತೊಳೆದ ಮಾರನೆಯ ಸಂಜೆಯ ಕೆಂಪು ಅದೆಷ್ಟು ನಿಚ್ಚಳ!

ಹೀಗೆ ಮನೆಯ ಮಹಡಿಯೇ ಒಂದು ಪರೀಕ್ಷಾಶಾಲೆ. ಮಕ್ಕಳನ್ನು ಕರೆದುಕೊಂಡು ಹೋಗಿ ಪಡುವಣವನ್ನು ತೋರಿಸುವ ತಂದೆತಾಯಿಗಳು, ಕೆಂಪಿದೆಯೋ ಬಿಳಿಚಿದೆಯೋ ಎಂದು ನೋಡಿದರೆ ಸಾಕು. ಹಗಲೆಲ್ಲ ಆ ಮಕ್ಕಳು ಉಸಿರಾಡಿದ ಗಾಳಿ ಎಂಥದೆಂಬುದರ ಸುಳಿವು ಅಲ್ಲಿಯೇ ದೊರೆಯುತ್ತದೆ.