ಕಣ್ಣಿಗೆ ಕಾಣದ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಲ್ಲುವ ಈ ಮಳೆಗಾಲ ಮೀನುಗಾರರಿಗೆ ಬಿಡುವಿನ ಕಾಲ. ಎಂಜಿನ್ ಮೆಕ್ಯಾನಿಕ್‌ಗಳಿಗಾದರೋ ಊಟಕ್ಕೂ ಪುರುಸೊತ್ತಿಲ್ಲದ ಕಾಲ. ನಮ್ಮ ಉಪ್ಪ ಈ ಕಸುಬಿನಲ್ಲಿಯೇ ಮುದುಕರಾದರು. ನಾವಿಬ್ಬರು ಸಹೋದರರು ಸ್ಪ್ಯಾನರ್ ಎತ್ತಿಕೊಡುತ್ತಾ ಅವರಿಂದಲೇ ಕಲಿತವರು.

ಲಾರಿ ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದು. ಸಮುದ್ರಕ್ಕೆ ರಸ್ತೆಯ ಬದಿ ಎಂಬುದಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲನ್ನು ಸೇರುವ ಅಳಿವೆಬಾಗಿಲಿನಲ್ಲಿ ಎಂಜಿನ್ ನಿಂತರೆ, ಅಲೆಗಳು ಬೋಟನ್ನು ಅಡ್ಡ ತಿರುಗಿಸಿ ಮರಳ ದಿಬ್ಬದತ್ತ ತಳ್ಳಿಬಿಡುತ್ತವೆ. ಆದ್ದರಿಂದ ಉಪ್ಪ ಬೋಟಿಗೆ ಇಳಿಯುವಾಗಲೆಲ್ಲ, "ಇದರಲ್ಲಿ ಎಷ್ಟು ಜನ ಹೋಗುತ್ತಾರೆ?" ಎಂದು ಮೊದಲು ಕೇಳುತ್ತಿದ್ದರು. ಎಂಜಿನ್ನಿನ ವಿಷಯ ಆಮೇಲೆ.

ಅವರು ಕಲಿಸಿದ ಪಾಠಗಳು ಸಣ್ಣವು. ಫ್ಯಾನಿನ ಶಾಫ್ಟ್ ಬೋಟಿನಿಂದ ಹೊರಗೆ ಹೋಗುವಲ್ಲಿ ತುಂಬುವ ಪ್ಯಾಕಿಂಗನ್ನು ನೀರು ಪೂರ್ತಿ ನಿಲ್ಲುವಷ್ಟು ಬಿಗಿಯಬಾರದು; ಶಾಫ್ಟ್ ತಿರುಗುವಾಗ ಹನಿಹನಿಯಾಗಿ ನೀರು ಬರುತ್ತಿರಬೇಕು. ಆ ಹನಿಯೇ ಅದನ್ನು ತಂಪಾಗಿಡುತ್ತದೆ. ಹೆಚ್ಚು ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಸವೆಯುತ್ತದೆ. ಬೋಟಿನ ಅಡಿಗೆ ಬಿಗಿಯುವ ಸತುವಿನ ತುಂಡಿಗೆ ಬಣ್ಣ ಬಳಿಯಬಾರದು. ಉಪ್ಪುನೀರಿನಲ್ಲಿ ಅದು ತಾನು ಸವೆದು ಫ್ಯಾನನ್ನೂ ಶಾಫ್ಟನ್ನೂ ಉಳಿಸುತ್ತದೆ. ಬಣ್ಣ ಮುಚ್ಚಿದರೆ ಆ ರಕ್ಷಣೆ ಇಲ್ಲವಾಗುತ್ತದೆ. ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿವೆಯೇ ಎಂಬ ಕೊನೆಯ ಅಳತೆಯನ್ನು ಬೋಟು ನೀರಿಗಿಳಿದ ಮೇಲೆ ತೆಗೆಯಬೇಕು. ದಡದಲ್ಲಿದ್ದಾಗ ಇರುವ ಬೋಟಿನ ಮೈ ನೀರಿನಲ್ಲಿ ಹಾಗೆಯೇ ಇರುವುದಿಲ್ಲ. ಇವಾವುವೂ ಬೋಟಿನ ಯಜಮಾನರ ಕಣ್ಣಿಗೆ ಬೀಳುವ ಕೆಲಸಗಳಲ್ಲ. ಅವರಿಗೆ ಕಾಣುವುದು ಹೊಸ ಬಣ್ಣ ಮತ್ತು ನಮ್ಮ ಬಿಲ್ಲು.

ನಮ್ಮಿಂದಾದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಉಪ್ಪನಿಗೆ ಜ್ವರ ಬಂದಿದ್ದ ಒಂದು ಜುಲೈ ತಿಂಗಳ ಕೊನೆಯ ದಿನಗಳಲ್ಲಿ ಮೂರು ಬೋಟುಗಳ ಕೆಲಸ ನಮ್ಮ ಮೇಲೆ ಬಿತ್ತು. ಒಂದರಲ್ಲಿ, ಕಡಲ ನೀರನ್ನು ಎಳೆದು ಎಂಜಿನ್ನನ್ನು ತಣಿಸುವ ಪಂಪನ್ನು ಬಿಚ್ಚಿದಾಗ, ಒಳಗಿನ ರಬ್ಬರ್ ಚಕ್ರದ ಒಂದು ಎಸಳು ಮುರಿದುಹೋಗಿತ್ತು. ಹೊಸ ಚಕ್ರ ಹಾಕಿದೆವು. ಮುರಿದ ಎಸಳು ಎಲ್ಲಿಗೆ ಹೋಯಿತೆಂದು ಹುಡುಕಲಿಲ್ಲ. ಹುಡುಕಬೇಕಾದರೆ ಮುಂದಿನ ಕೂಲರಿನ ಮುಚ್ಚಳ ತೆಗೆಯಬೇಕಿತ್ತು. ಅದರ ಬೋಲ್ಟುಗಳು ತುಕ್ಕು ಹಿಡಿದಿದ್ದವು, ಕತ್ತಲಾಗಿತ್ತು. ದಕ್ಕೆಯಲ್ಲಿ ಚಾಲೂ ಮಾಡಿ ನೋಡಿದೆವು. ನೀರು ಹೊರಗೆ ಬರುತ್ತಿತ್ತು, ಎಂಜಿನ್ ಬಿಸಿಯಾಗಲಿಲ್ಲ. ಸರಿಯಾಗಿದೆ ಎಂದು ತಾಂಡೇಲರಿಗೆ ಹೇಳಿದೆವು.

ನಿಂತಲ್ಲಿ ಮೆಲ್ಲಗೆ ಓಡುವ ಎಂಜಿನ್ನಿಗೆ ಅರೆ ನೀರೂ ಸಾಕಾಗುತ್ತದೆ. ಬಲೆ ಎಳೆಯುವಾಗ ಸಾಲದು. ಮೊದಲ ಪ್ರಯಾಣದಲ್ಲಿಯೇ ಕಡಲ ನಡುವೆ ಎಂಜಿನ್ ಕಾದು ನಿಂತಿತು. ಅಲ್ಲಾಹನ ಕೃಪೆಯಿಂದ ಅಂದು ಗಾಳಿಯಿರಲಿಲ್ಲ. ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದುತಂದಿತು. ಜೀವಗಳು ಉಳಿದವು, ಡೀಸೆಲ್, ಐಸ್ ಮತ್ತು ಆ ಪ್ರಯಾಣದ ದುಡಿಮೆ ಹೋದವು.

ಉಪ್ಪ ಜ್ವರದಲ್ಲಿಯೇ ಎದ್ದು ಬಂದರು. ಕೂಲರಿನ ಮುಚ್ಚಳ ತೆಗೆದು, ಕೊಳವೆಗಳ ಬಾಯಿಗೆ ಅಡ್ಡವಾಗಿ ಕುಳಿತಿದ್ದ ಕಪ್ಪು ರಬ್ಬರ್ ಚೂರನ್ನು ಚಿಮಟದಿಂದ ಎತ್ತಿ ನಮ್ಮ ಅಂಗೈಯಲ್ಲಿಟ್ಟರು. ಬೈಯಲಿಲ್ಲ. ತಾಂಡೇಲರ ಬಳಿ ಹೋಗಿ, "ತಪ್ಪು ನಮ್ಮ ಮಕ್ಕಳದ್ದು, ಈ ವರ್ಷದ ಕೂಲಿ ನಮಗೆ ಬೇಡ" ಎಂದರು. ತಾಂಡೇಲರು, "ಬ್ಯಾರಿಗಳೇ, ಎಂಜಿನ್ ಅಂದಮೇಲೆ ಕೆಡುತ್ತದೆ, ಬಿಡಿ" ಎಂದರೂ ಅವರು ಒಪ್ಪಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದ್ದು ಇಷ್ಟೇ: "ಅವರು ನಂಬಿದ್ದು ನಿಮ್ಮ ಬಾಯಿಯ ಮಾತನ್ನು. ನಿಮಗೆ ಗೊತ್ತಿದ್ದ ಸಂಶಯವನ್ನು ನೀವು ಅವರಿಗೆ ಹೇಳಲಿಲ್ಲ."

ಅಮಾನತ್ತು ಎಂದೊಡನೆ ಯಾರೋ ನಮ್ಮ ಬಳಿ ಇಟ್ಟುಹೋದ ಹಣ ಅಥವಾ ಚಿನ್ನ ನೆನಪಾಗುತ್ತದೆ. ಇನ್ನೊಬ್ಬರ ಎಂಜಿನ್ ನಮ್ಮ ಕೈಯಲ್ಲಿರುವಾಗ ಅದನ್ನು ನಂಬಿ ಕಡಲಿಗೆ ಹೋಗುವವರ ಪ್ರಾಣವೂ ಅಮಾನತ್ತೇ ಎಂಬುದು ಅಂದು ನಮಗೆ ಅರ್ಥವಾಯಿತು. ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ಅಲ್ಲಾಹನು, ಕವಚದ ಕೊಂಡಿಗಳ ಅಳತೆ ಸರಿಯಾಗಿರಬೇಕೆಂದೂ ಅವರಿಗೆ ಆದೇಶಿಸಿದ್ದನು. ಪ್ರವಾದಿಯೊಬ್ಬರಿಗೆ ಬಂದ ಆದೇಶದಲ್ಲಿ ಕೊಂಡಿಯ ಅಳತೆಗೂ ಸ್ಥಾನವಿದೆಯೆಂದಾದರೆ, ಗ್ರೀಸ್ ಮೆತ್ತಿದ ಕೈಗಳ ಕೆಲಸವನ್ನು ನಾವು ಕೀಳೆಂದು ಎಣಿಸುವುದು ಹೇಗೆ?

ಇಂದು ನಮ್ಮ ಮನೆಗಳಲ್ಲಿ ಮಕ್ಕಳು ಕಸುಬು ಕಲಿಯುವುದನ್ನು ಓದು ಹತ್ತದವರ ದಾರಿಯೆಂದು ಭಾವಿಸುವವರಿದ್ದಾರೆ. ಅವರು ಯಾವ ಕೆಲಸವನ್ನೇ ಹಿಡಿಯಲಿ, ಯಾರೂ ತೆರೆದು ನೋಡದ ಮುಚ್ಚಳವನ್ನು ತೆರೆದು ನೋಡುವ ಅಭ್ಯಾಸವನ್ನು ನಾವು ಅವರಿಗೆ ಕಲಿಸೋಣ.

ಉಪ್ಪ ಈಗ ದಕ್ಕೆಗೆ ಬರುವುದಿಲ್ಲ. ಆ ರಬ್ಬರ್ ಚೂರು ನಮ್ಮ ಅಂಗಡಿಯ ಕಪಾಟಿನಲ್ಲಿ, ಅಳತೆಯ ಸಾಮಾನುಗಳ ಪಕ್ಕದಲ್ಲಿಯೇ ಇದೆ. ಪ್ರತಿ ಜೂನ್‌ನಲ್ಲಿ ಮೊದಲ ಎಂಜಿನ್ ಬಿಚ್ಚುವ ಮುನ್ನ ಅದನ್ನೊಮ್ಮೆ ನೋಡುತ್ತೇವೆ. ಅಲ್ಲಾಹನು ನಮ್ಮೆಲ್ಲರ ದುಡಿಮೆಯಲ್ಲಿ ಪ್ರಾಮಾಣಿಕತೆಯನ್ನು ಕರುಣಿಸಲಿ. ಆಮೀನ್.