ಒಂದು ಪಾವು ಕಂಪನ

ಕ್ವಾಂಟಮ್ ಅನ್ನೋ ಪದ ಈಗ ಎಲ್ಲಿಲ್ಲ ಹೇಳಿ? ಟಿವಿ ಡಬ್ಬದ ಮೇಲಿದೆ, ಪಾತ್ರೆ ತೊಳೆಯೋ ಪುಡಿಯ ಪ್ಯಾಕೆಟ್ ಮೇಲಿದೆ. ಅವುಗಳ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರು ಇರೋದು ಕತ್ತಿಗೆ ಹಾಕಿಕೊಳ್ಳೋ 'ಕ್ವಾಂಟಮ್ ಪೆಂಡೆಂಟ್' ಬಗ್ಗೆ. ನಮ್ಮ ದೊಡ್ಡಮ್ಮ ಯಾವುದೋ ಮಾರಾಟ ಮೇಳದಲ್ಲಿ ಎರಡೂವರೆ ಸಾವಿರ ಕೊಟ್ಟು ಅದನ್ನ ತಗೊಂಡ್ರು. ಮಂಡಿನೋವು, ಬಿಪಿ, ನಿದ್ದೆ ಎಲ್ಲಕ್ಕೂ ಅದೊಂದೇ ಮದ್ದಂತೆ. ದುಡ್ಡು ಹೋದರೆ ಹೋಗಲಿ, ಪೆಂಡೆಂಟ್ ಬಂದ ಮೇಲೆ ಅವರು ಬಿಪಿ ಮಾತ್ರೆಯನ್ನ ದಿನ ಬಿಟ್ಟು ದಿನ ತಗೊಳ್ಳೋಕೆ ಶುರು ಮಾಡಿದ್ರು. ಮನೆಯಲ್ಲಿ ಎಲ್ಲರಿಗೂ ಗಾಬರಿ ಆಗಿದ್ದು ಆಗ.

"ಅದೆಲ್ಲ ಸುಳ್ಳು ದೊಡ್ಡಮ್ಮ" ಅಂದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವರು, ಸುಮ್ಮನೆ ಬಿಡ್ತಾರಾ? "ಎಲೆಕ್ಟ್ರಾನ್ ಒಂದೇ ಸಲ ಎರಡು ಕಡೆ ಇರತ್ತೆ ಅಂತ ನೀನೇ ಹೇಳಿದ್ದೆ. ನನ್ನ ಮಂಡೀಲಿರೋದೂ ಎಲೆಕ್ಟ್ರಾನೇ ತಾನೇ? ಅದಕ್ಕಾಗೋದು ಮಂಡಿಗೆ ಯಾಕಾಗಬಾರದು? ಸುಳ್ಳು ಅಂದ್ರೆ ಸಾಲದು, ಯಾಕೆ ಅಂತ ಹೇಳು."

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಆದರೂ ಈ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಇಲ್ಲ. ಕ್ವಾಂಟಮ್ ಸಿದ್ಧಾಂತದ ಸಮೀಕರಣದಲ್ಲಿ 'ಇಷ್ಟು ದೊಡ್ಡ ವಸ್ತುವಿನವರೆಗೆ ಮಾತ್ರ' ಅನ್ನೋ ಷರತ್ತು ಎಲ್ಲೂ ಬರೆದಿಲ್ಲ. ಹಾಗಾದರೆ ದೊಡ್ಡ ವಸ್ತುಗಳಲ್ಲಿ ಅದು ಯಾಕೆ ಕಾಣಲ್ಲ? ದೊಡ್ಡಮ್ಮನ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಕೆಲವು ಲ್ಯಾಬುಗಳು ಹತ್ತು ಹದಿನೈದು ವರ್ಷದಿಂದ ಕೂತಿವೆ. ಅವರ ಕೈಲಿರೋ ಉಪಕರಣದ ಹೆಸರು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್. ಕ್ವಾಂಟಮ್ ಕಂಪ್ಯೂಟರ್ ಸುದ್ದಿಯಲ್ಲಿ ಬರತ್ತಲ್ಲ, ಅದೇ. ಇಲ್ಲಿ ಅದು ಲೆಕ್ಕ ಮಾಡೋದಿಲ್ಲ, ಪಕ್ಕದಲ್ಲಿರೋ ಒಂದು ವಸ್ತುವಿನ ನಡುಕವನ್ನ ಮುಟ್ಟಿ ನೋಡತ್ತೆ.

ತಂಬೂರಿ ತಂತಿ ತಗೊಳ್ಳಿ. ಮೀಟಿದರೆ ನಡುಗತ್ತೆ. ಆ ನಡುಕದ ಶಕ್ತಿ ಕ್ವಾಂಟಮ್ ಪ್ರಕಾರ ಸಮನಾದ ತುಣುಕುಗಳಾಗಿ ಬರತ್ತೆ. ಒಂದೊಂದು ತುಣುಕಿಗೆ ಫೋನಾನ್ ಅಂತಾರೆ. ನಮಗೆ ಅದು ಗೊತ್ತಾಗಲ್ಲ, ಯಾಕಂದರೆ ಮೀಟದೆ ಸುಮ್ಮನೆ ಮೂಲೆಯಲ್ಲಿ ನಿಲ್ಲಿಸಿಟ್ಟ ತಂಬೂರಿಯ ತಂತಿಯಲ್ಲೂ ಕೋಣೆಯ ಬಿಸಿಯಿಂದಲೇ ಸಾವಿರಾರು ಕೋಟಿ ಫೋನಾನುಗಳು ತುಂಬಿಕೊಂಡಿರತ್ತವೆ. ಅಷ್ಟು ದೊಡ್ಡ ಸಂತೆಯಲ್ಲಿ ಒಬ್ಬ ಬಂದ, ಒಬ್ಬ ಹೋದ ಅಂತ ಎಣಿಸೋರು ಯಾರು?

ಹಾಗಾಗಿ ಮೊದಲು ಸಂತೆ ಖಾಲಿ ಮಾಡಿಸಬೇಕು, ಅಂದರೆ ತಣ್ಣಗೆ ಮಾಡಬೇಕು. ತಂಬೂರಿ ತಂತಿಯನ್ನ ಹಾಗೆ ಖಾಲಿ ಮಾಡೋಕೆ ಮೈನಸ್ 273 ಡಿಗ್ರಿಯ ಆ ಕೊನೇ ಗೆರೆಗೆ, ಒಂದು ಡಿಗ್ರಿಯ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟು ಹತ್ತಿರ ಹೋಗಬೇಕಾಗತ್ತೆ. ಯಾವ ಫ್ರಿಜ್ಜಿಗೂ ಆಗದ ಮಾತು. ಅದಕ್ಕೆ ವಿಜ್ಞಾನಿಗಳು ಬಹಳ ವೇಗವಾಗಿ ನಡುಗೋ ವಸ್ತುವನ್ನ ಆರಿಸಿಕೊಂಡರು. ಅದರ ಒಂದೊಂದು ತುಣುಕೂ ದಪ್ಪ, ಬಿಸಿಗೆ ಸುಲಭವಾಗಿ ಹುಟ್ಟಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಆರನ್ ಓಕಾನೆಲ್, ಆಂಡ್ರ್ಯೂ ಕ್ಲೆಲ್ಯಾಂಡ್, ಜಾನ್ ಮಾರ್ಟಿನಿಸ್ ತಂಡ ಮಾಡಿದ ಪುಟ್ಟ ಎಲೆಯಂಥ ಸಾಧನ ಸೆಕೆಂಡಿಗೆ ಸುಮಾರು 600 ಕೋಟಿ ಸಲ ನಡುಗತ್ತೆ. ಅದನ್ನ ಆ ಗೆರೆಯಿಂದ 0.025 ಡಿಗ್ರಿ ಮೇಲಕ್ಕೆ ಇಳಿಸಿದಾಗ ಸಂತೆ ಖಾಲಿ. ಒಂದು ಫೋನಾನೂ ಇಲ್ಲ.

ನಿಜವಾದ ಕಷ್ಟ ಇರೋದು ಆಮೇಲೆ, ನನಗೆ ಬಹಳ ಇಷ್ಟವಾದ ಭಾಗವೂ ಇದೇ. ಖಾಲಿ ಮಾಡಿದ್ದಕ್ಕೆ ಈಗ ಒಂದೇ ಒಂದು ಫೋನಾನ್ ಹಾಕಬೇಕು. ಹೇಗೆ? ಮೆಟ್ಟಿಲುಗಳೆಲ್ಲ ಸಮ ಅಂತರದಲ್ಲಿರೋ ಏಣಿ ಇದು. ಒಂದನೇ ಮೆಟ್ಟಿಲಿಗೆ ಹತ್ತಿಸೋ ತಳ್ಳುವಿಕೆಯೇ ಎರಡು, ಮೂರು, ನಾಲ್ಕಕ್ಕೂ ಹತ್ತಿಸತ್ತೆ. ಎಷ್ಟು ಮೆಲ್ಲಗೆ ತಳ್ಳಿದರೂ ಅದು ಉಯ್ಯಾಲೆ ತೂಗಿದ ಹಾಗೆ ಆಡತ್ತೆ ಅಷ್ಟೇ, ಕ್ವಾಂಟಮ್ ಗುಣ ತೋರಿಸಲ್ಲ. ಮೂಟೆಯಿಂದ ನೇರವಾಗಿ ಅಕ್ಕಿ ಸುರಿದರೆ ಲೆಕ್ಕ ಸಿಗಲ್ಲವಲ್ಲ, ಹಾಗೆ. ಅಳೆಯೋಕೆ ಪಾವು ಬೇಕು.

ಆ ಪಾವೇ ಕ್ಯೂಬಿಟ್. ಅಲ್ಯೂಮಿನಿಯಂನ ಎರಡು ತುಂಡುಗಳ ಮಧ್ಯೆ ತೀರಾ ತೆಳುವಾದ ಆಕ್ಸೈಡ್ ಪದರ ಇರೋ ಸರ್ಕ್ಯೂಟು. ಅತಿ ತಂಪಿನಲ್ಲಿ ಅಲ್ಯೂಮಿನಿಯಂ ಸೂಪರ್‌ಕಂಡಕ್ಟರ್ ಆಗತ್ತೆ, ಕರೆಂಟ್ ತಡೆಯೇ ಇಲ್ಲದೆ ಹರಿಯತ್ತೆ. ಮಧ್ಯದ ಪದರದ ದೆಸೆಯಿಂದ ಈ ಸರ್ಕ್ಯೂಟಿನ ಏಣಿಯ ಮೆಟ್ಟಿಲುಗಳು ಸಮ ಅಂತರದಲ್ಲಿರಲ್ಲ. ಹಾಗಾಗಿ ಮೊದಲನೇ ಮೆಟ್ಟಿಲಿಗೆ ಮಾತ್ರ ಹತ್ತಿಸಿ ನಿಲ್ಲಿಸಬಹುದು. ಒಂದು ಪಾವು ತುಂಬಿತು. ಅದನ್ನ ಪಕ್ಕದ ಎಲೆಗೆ ಸುರಿಯಬೇಕು. ಸುರಿಯೋ ದಾರಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಲೈಟರ್ ಒತ್ತಿದರೆ ಒಳಗಿನ ಹರಳು ಒತ್ತಡವನ್ನ ವಿದ್ಯುತ್ ಮಾಡಿ ಕಿಡಿ ಹಾರಿಸತ್ತಲ್ಲ? ಎಲೆಯಲ್ಲಿರೋ ಅಲ್ಯೂಮಿನಿಯಂ ನೈಟ್ರೈಡ್ ಕೂಡ ಅದೇ ಜಾತಿ. ವಿದ್ಯುತ್ತನ್ನ ನಡುಕ ಮಾಡತ್ತೆ, ನಡುಕವನ್ನ ವಿದ್ಯುತ್ ಮಾಡತ್ತೆ.

2010ರಲ್ಲಿ ಆ ತಂಡ ಒಂದು ಫೋನಾನನ್ನ ಎಲೆಗೆ ಹಾಕಿ, ಮತ್ತೆ ಕ್ಯೂಬಿಟ್‌ಗೆ ವಾಪಸ್ ತಗೊಂಡಿತು. ಎಲೆ ಬರಿಗಣ್ಣಿಗೆ ಚುಕ್ಕಿಯ ಹಾಗೆ ಕಾಣೋವಷ್ಟು ದೊಡ್ಡದು, ಅದರಲ್ಲಿ ಲಕ್ಷಾಂತರ ಕೋಟಿ ಪರಮಾಣುಗಳು. 'ಸೈನ್ಸ್' ಪತ್ರಿಕೆ ಅದನ್ನ ಆ ವರ್ಷದ ಅತಿ ದೊಡ್ಡ ಸಾಧನೆ ಅಂತ ಆರಿಸಿತು. ಆದರೆ ಆ ಫೋನಾನ್ ಬದುಕಿದ್ದು ಎಷ್ಟು ಹೊತ್ತು ಗೊತ್ತಾ? ಸುಮಾರು ಆರು ನ್ಯಾನೋಸೆಕೆಂಡ್. ಒಂದು ಸೆಕೆಂಡನ್ನ ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಆರು.

ಮುಂದಿನ ದೊಡ್ಡ ಹೆಜ್ಜೆಗಳು ಸಫೈರ್ ಹರಳಿನಲ್ಲಿ ಬಂದವು. ಸಫೈರ್ ಅಂದರೆ ನೀಲವೇ, ಬಣ್ಣ ಮಾತ್ರ ಇಲ್ಲ. (ಶನಿಗೆ ಅಂತ ನೀಲ ಮಾರೋರಿಗೆ ದಯವಿಟ್ಟು ಇದನ್ನ ಹೇಳಬೇಡಿ, ಇನ್ನೊಂದು ವ್ಯಾಪಾರ ಶುರುವಾದೀತು.) ಇವೆನ್ ಚು ಅನ್ನೋ ವಿಜ್ಞಾನಿ ಮೊದಲು ಅಮೆರಿಕದ ಯೇಲ್‌ನಲ್ಲಿ, ಆಮೇಲೆ ಸ್ವಿಟ್ಜರ್ಲೆಂಡಿನ ಇಟಿಹೆಚ್ ಜ್ಯೂರಿಕ್‌ನಲ್ಲಿ ತಮ್ಮದೇ ತಂಡದ ಜೊತೆ ಕ್ಯೂಬಿಟ್‌ಗೆ ಇಂಥ ಹರಳನ್ನ ಜೋಡಿಸುತ್ತಾ ಬಂದರು. 2023ರಲ್ಲಿ ಅವರ ತಂಡ 16 ಮೈಕ್ರೋಗ್ರಾಂ ತೂಕದ ನಡುಕವನ್ನ 'ಶ್ರೋಡಿಂಗರ್‌ನ ಬೆಕ್ಕು' ಮಾಡಿ ತೋರಿಸಿತು. ಬದುಕಿಯೂ ಇದೆ, ಸತ್ತೂ ಇದೆ ಅನ್ನೋ ಆ ಬೆಕ್ಕಿನ ಕತೆಯನ್ನ ಶ್ರೋಡಿಂಗರ್ 1935ರಲ್ಲಿ ಹೇಳಿದ್ದು 'ಎಂಥ ಅಸಂಬದ್ಧ ನೋಡಿ' ಅಂತ. ಇಲ್ಲಿ ಬೆಕ್ಕಿನ ಬದಲು ಹರಳು. ಅದರ ಪರಮಾಣುಗಳು ಎಲ್ಲ ಒಟ್ಟಾಗಿ ಒಂದೇ ಸಲ ಎರಡು ವಿರುದ್ಧ ತಾಳಗಳಲ್ಲಿ ನಡುಗಿದವು. ಅಂದ ಮಾತ್ರಕ್ಕೆ ಹರಳು ಮೇಜಿನ ಈ ತುದಿಯಲ್ಲೂ ಆ ತುದಿಯಲ್ಲೂ ಇತ್ತು ಅಂತಲ್ಲ. ಎರಡು ನಡುಕಗಳ ನಡುವಿನ ದೂರ ಒಂದು ಪರಮಾಣುವಿಗಿಂತ ಎಷ್ಟೋ ಚಿಕ್ಕದು. ಕೈಯಲ್ಲಿ ಹಿಡಿದರೆ ಮರಳಿನ ಕಣದ ಹಾಗಿರೋ ತೂಕಕ್ಕೆ ಅಷ್ಟು ಮಾಡಿಸೋಕೆ ಇಷ್ಟು ಸರ್ಕಸ್ಸು.

ಇದನ್ನೆಲ್ಲ ಮೂರು ಸಂಜೆ ಕೂತು ದೊಡ್ಡಮ್ಮನಿಗೆ ಹೇಳಿದೆ. ಕಾಗದದ ಮೇಲೆ ಏಣಿ ಬರೆದು, ಲೆಕ್ಕ ಹಾಕಿ. ಮಂಡೀಲಿರೋ ಎಲೆಕ್ಟ್ರಾನುಗಳು ಕ್ವಾಂಟಮ್ ನಿಯಮವನ್ನೇ ಪಾಲಿಸೋದು, ಮೂಳೆ ಮೂಳೆಯಾಗಿ ನಿಂತಿರೋದೇ ಅದರಿಂದ. ಅದು ಪೆಂಡೆಂಟ್ ಇಲ್ಲದೆಯೂ ನಡೆಯತ್ತೆ. ಆದರೆ ಇಡೀ ಮಂಡಿ ಒಟ್ಟಾಗಿ ಹಾಗೆ ಆಡಬೇಕು ಅಂದರೆ, ಆ ಫ್ರಿಜ್ಜಿಗಿಂತ ನಮ್ಮ ಮೈ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಬಿಸಿ, ಸುತ್ತ ಗಾಳಿ, ಬೆಳಕು, ರಕ್ತ, ಎಲ್ಲವೂ ಕ್ಷಣಕ್ಷಣಕ್ಕೂ ಬಂದು ಮುಟ್ಟಿ ಹೋಗ್ತಾವೆ. ಯಾರೂ ಮುಟ್ಟದ ಹಾಗೆ ಕಾಪಾಡಿದ ಹರಳಲ್ಲೇ ಅದು ಕಣ್ಣು ಮಿಟುಕಿಸೋದರೊಳಗೆ ಕರಗಿಹೋಗತ್ತೆ. "ಅಂದ್ರೆ ನಿಯಮ ಬೇರೆ ಅಲ್ಲ, ಗಲಾಟೆ ಜಾಸ್ತಿ" ಅಂದ್ರು ದೊಡ್ಡಮ್ಮ. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಮಾತ್ರೆ ಮಾರನೇ ದಿನದಿಂದ ಸರಿಯಾಗಿ ಶುರುವಾಯ್ತು. ಪೆಂಡೆಂಟ್ ಮಾತ್ರ 'ಡಿಸೈನ್ ಚೆನ್ನಾಗಿದೆ' ಅಂತ ಕತ್ತಲ್ಲೇ ಇತ್ತು. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ, 5ಜಿಯಿಂದ ಕಾಪಾಡತ್ತೆ ಅಂತ ಮಾರ್ತಿದ್ದ ಇಂಥದೇ ಹತ್ತು ಉತ್ಪನ್ನಗಳಲ್ಲಿ ವಿಕಿರಣ ಕಂಡು, ಹಾಕಿಕೊಳ್ಳಬೇಡಿ ಅಂತ ಎಚ್ಚರಿಸಿದ್ದನ್ನ ತೋರಿಸಿದ ಮೇಲೆ ಅದೂ ಇಳಿಯಿತು.

ಹಾಗಂತ ಅವರ ಪ್ರಶ್ನೆ ಮುಗಿದಿಲ್ಲ. ಗಲಾಟೆ ಪೂರ್ತಿ ನಿಲ್ಲಿಸಿಬಿಟ್ಟರೆ ಎಷ್ಟು ದೊಡ್ಡ ವಸ್ತುವಾದರೂ ಕ್ವಾಂಟಮ್ ಆಗತ್ತಾ? ಆಗತ್ತೆ ಅನ್ನೋರು ತುಂಬಾ ಜನ. ಇಲ್ಲ, ಒಂದು ಮಿತಿ ದಾಟಿದ ಮೇಲೆ ಗುರುತ್ವಾಕರ್ಷಣೆಯೇ ಅದನ್ನ ಮುರಿಯತ್ತೆ ಅನ್ನೋರು ರೋಜರ್ ಪೆನ್ರೋಸ್ ಥರದವರು. ಬಾಯಿಮಾತಲ್ಲಿ ಇದು ತೀರ್ಮಾನ ಆಗಲ್ಲ, ಇನ್ನೂ ಭಾರದ ಹರಳುಗಳು, ಇನ್ನೂ ಉದ್ದದ ಆಯುಸ್ಸು ಬೇಕು. 2025ರ ಭೌತಶಾಸ್ತ್ರದ ನೊಬೆಲ್ ಬಂದದ್ದು, ಕೈಯಲ್ಲಿ ಹಿಡಿಯೋವಷ್ಟು ದೊಡ್ಡ ವಿದ್ಯುತ್ ಸರ್ಕ್ಯೂಟಿನಲ್ಲಿ ಕ್ವಾಂಟಮ್ ಗುಣ ತೋರಿಸಿದ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಅದೇ ಜಾನ್ ಮಾರ್ಟಿನಿಸ್ ಅವರಿಗೆ. ಅವರು ಆ ಪ್ರಯೋಗ ಮಾಡಿದ್ದು 1984-85ರಲ್ಲಿ, ಮಾರ್ಟಿನಿಸ್ ಆಗ ವಿದ್ಯಾರ್ಥಿ.

ನಮ್ಮ ಬೆಂಗಳೂರಲ್ಲೂ ಈ ಕೆಲಸ ನಡೀತಿದೆ. ಐಐಎಸ್‌ಸಿಯಲ್ಲಿ ವಿಭೋರ್ ಸಿಂಗ್ ಅವರ ತಂಡ ಕ್ಯೂಬಿಟ್ ಸರ್ಕ್ಯೂಟಿನೊಳಗೇ ನಡುಗೋ ಒಂದು ಸಣ್ಣ ತಂತಿಯನ್ನ ತೂಗುಹಾಕಿ, ಕಾಂತಕ್ಷೇತ್ರದಿಂದ ಎರಡನ್ನೂ ಜೋಡಿಸಿದ ಪ್ರಯೋಗವನ್ನ 2021ರಲ್ಲಿ ಪ್ರಕಟಿಸಿದೆ. ಮಲ್ಲೇಶ್ವರಕ್ಕೆ ಹೋಗೋವಾಗ ಆ ಮರಗಳ ಸಾಲಿನ ಪಕ್ಕ ಸಿಗ್ನಲ್ಲಲ್ಲಿ ನಿಂತಾಗ ಈಗ ನನ್ನ ಲಕ್ಷ್ಯ ಕಾಂಪೌಂಡಿನ ಆ ಕಡೆಗೇ ಹೋಗತ್ತೆ. ಈಚೆ ಇಷ್ಟು ಹಾರ್ನು, ಬಸ್ಸು, ಮೆಟ್ರೋ. ಒಳಗೆ ಎಲ್ಲೋ ಒಂದು ಫ್ರಿಜ್ಜಿನಲ್ಲಿ ತಂತಿಯೊಂದನ್ನ ಸುಮ್ಮನಿರಿಸೋ ಪ್ರಯತ್ನ.