ಡಬ್ಬದ ಮೇಲಿನ ನಂಬರು

ಎಂಟನೇ ತರಗತಿಗೆ ಒತ್ತಡದ ಪಾಠ ಮಾಡುವಾಗ ನಾವು ವಿಜ್ಞಾನದ ಮೇಷ್ಟ್ರುಗಳು ಕೊಡುವ ಉದಾಹರಣೆಗಳು ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಅವೇ. ಸ್ಕೂಲ್ ಬ್ಯಾಗಿನ ಪಟ್ಟಿ ಏಕೆ ಅಗಲ? ಒಂಟೆಯ ಪಾದ ಏಕೆ ಅಗಲ? ಹಮಾಲಿ ಮೂಟೆ ಹೊರುವಾಗ ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುವುದೇಕೆ? ಭಾರ ಅಷ್ಟೇ ಇದ್ದರೂ ಅದು ಹರಡುವ ಜಾಗ ಹೆಚ್ಚಾದರೆ ಒತ್ತಡ ಕಡಿಮೆ. ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದೇ ಸೂತ್ರಕ್ಕೆ ಪಠ್ಯಪುಸ್ತಕದಲ್ಲಿ ಇಲ್ಲದ ಉದಾಹರಣೆಯೊಂದು ನಮ್ಮ ಮನೆಯಲ್ಲೇ ಇತ್ತು. ನನ್ನ ಹೆಂಡತಿಯ ಎರಡು ಭುಜಗಳ ಮೇಲೂ ಬೆರಳಿಟ್ಟರೆ ಕೂರುವಷ್ಟು ಆಳದ ಗೀರುಗಳು. ಒಳ ಉಡುಪಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಆದವು.

ಇದನ್ನು ಬರೆಯಲು ಮನೆಯಲ್ಲಿ ಅನುಮತಿ ಸಿಕ್ಕಿದ್ದು ಎರಡು ಷರತ್ತುಗಳ ಮೇಲೆ. ಅವಳ ಅಳತೆ ಬರೆಯಕೂಡದು. ಊರಿನ ಅಂಗಡಿಯವನ ಹೆಸರು ಹಾಕಕೂಡದು. ಎರಡೂ ನ್ಯಾಯವಾದ ಷರತ್ತುಗಳೇ. ಗಂಡಸು ಇಂಥದ್ದನ್ನು ಬರೆಯಬಹುದೇ ಎಂದು ನಾನೇ ಕೇಳಿದೆ. "ಹೆಂಗಸರು ಬರೆದರೆ ಹೆಂಗಸರಷ್ಟೇ ಓದ್ತಾರೆ. ದುಡ್ಡು ಕೊಡೋ ಅಪ್ಪಂದಿರೂ ಓದಲಿ" ಎಂದಳು.

ಅವಳಿಗೆ ಕತ್ತುನೋವು, ಬೆನ್ನುನೋವು ಶುರುವಾಗಿ ಹತ್ತು ವರ್ಷಕ್ಕೂ ಮೇಲಾಗಿತ್ತು. ಮುಲಾಮು ಹಚ್ಚಿದ್ದಾಯಿತು, ದಿಂಬು ಬದಲಾಯಿಸಿದ್ದಾಯಿತು, ಮೂಳೆ ಡಾಕ್ಟರು ಹೇಳಿದ ವ್ಯಾಯಾಮವೂ ಆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಒಂದು ದೀಪಾವಳಿಗೆ ಬಂದಾಗ ಅಮ್ಮನ ಭುಜ ನೋಡಿ, ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತೆಗೆದು, ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷ ಬಿಟ್ಟು ಹೊರಗೆ ಬಂದವಳೇ, "ಅಪ್ಪ, ಅಮ್ಮ ಇಪ್ಪತ್ತು ವರ್ಷದಿಂದ ಬೇರೆ ಯಾರದ್ದೋ ಸೈಜ್ ಹಾಕ್ಕೊಳ್ತಿದಾಳೆ" ಎಂದಳು.

ನಮ್ಮ ಹೆಂಗಸರು ರವಿಕೆಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ. ಅಳತೆ ರವಿಕೆ ಕೊಡುತ್ತಾರೆ, ತೋಳು ಕಾಲಿಂಚು ಬಿಗಿ ಮಾಡಿ ಎನ್ನುತ್ತಾರೆ, ಟಕ್ಸ್ ಸರಿಯಾಗಿ ಕೂತಿಲ್ಲವೆಂದು ಮದುವೆಯ ಹಿಂದಿನ ದಿನವೂ ಟೈಲರ್ ಅಂಗಡಿಗೆ ಅಲೆಯುತ್ತಾರೆ. ಅದರ ಒಳಗೆ ಹಾಕುವುದನ್ನು ಮಾತ್ರ ಎರಡು ನಿಮಿಷದಲ್ಲಿ ಕೊಂಡು ಮುಗಿಸಬೇಕು. ನಮ್ಮ ಊರಿನಲ್ಲಿ ಅದು ಸಿಗುವುದು ರಿಬ್ಬನ್ನು, ಬಳೆ, ಟವೆಲ್ಲು ಮಾರುವ ಅಂಗಡಿಯಲ್ಲಿ. ಗಲ್ಲಾದ ಹಿಂದೆ ಗಂಡಸು. ಅವಳು ಬೇರೆ ಗಿರಾಕಿಗಳು ಹೋಗುವವರೆಗೆ ಪಿನ್ನು ನೋಡುವವಳಂತೆ ನಿಂತು, ಆಮೇಲೆ ಮೆಲ್ಲಗೆ ಒಂದು ನಂಬರು ಹೇಳುತ್ತಾಳೆ. ಅವನು ಮೇಲಿನ ಕಪಾಟಿನಿಂದ ಡಬ್ಬ ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಹಾಕಿ ನೋಡುವ ಹಾಗಿಲ್ಲ, ವಾಪಸ್ ತೆಗೆದುಕೊಳ್ಳುವುದಿಲ್ಲ. ಸಾಲದಿದ್ದರೆ ಮುಂದಿನ ಸಲ ಇನ್ನೂ ದೊಡ್ಡ ನಂಬರಿನ ಡಬ್ಬ. ಮೂವತ್ತಾರು ಹೋಗಿ ಮೂವತ್ತೆಂಟು, ಮೂವತ್ತೆಂಟು ಹೋಗಿ ನಲವತ್ತು.

ಲೆಕ್ಕ ತಪ್ಪುವುದು ಇಲ್ಲೇ. ಒಳ ಉಡುಪಿನ ಅಳತೆಯಲ್ಲಿ ಎರಡು ಭಾಗಗಳಿವೆ. ನಂಬರು ಹೇಳುವುದು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಬರುವ ಪಟ್ಟಿಯನ್ನು. ಅಕ್ಷರ ಹೇಳುವುದು ಬಟ್ಟಲನ್ನು, ಅಂದರೆ ಕಪ್ಪನ್ನು. ಬಟ್ಟಲಿಗೆ ಹೀಗೆ ಎ, ಬಿ, ಸಿ, ಡಿ ಎಂದು ಅಕ್ಷರ ಕೊಡುವ ಪದ್ಧತಿಯನ್ನು 1930ರ ದಶಕದಲ್ಲಿ ಅಮೆರಿಕದ ಕ್ಯಾಂಪ್ ಎಂಬ ಕಂಪನಿ ಶುರುಮಾಡಿತು. ಅದಕ್ಕೆ ಮುಂಚೆ, 1914ರಲ್ಲಿ, ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಎರಡು ಕರವಸ್ತ್ರ ಮತ್ತು ರಿಬ್ಬನ್ ಸೇರಿಸಿ ಹೊಲಿದ ಉಡುಪಿಗೆ ಪೇಟೆಂಟ್ ಪಡೆದಿದ್ದಳು. ಕರವಸ್ತ್ರದಲ್ಲಿ ಹೊಲಿದದ್ದು ಯಾರಿಗೆ ಹೊಂದುತ್ತಿತ್ತು, ಯಾರಿಗೆ ಹೊಂದುತ್ತಿರಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. (ಇದು ಯಾರ ಅಳತೆಯೂ ಅಲ್ಲ, ಷರತ್ತು ನೆನಪಿದೆ.) ಎದೆಯ ಕೆಳಗಿನ ಸುತ್ತಳತೆ 34 ಇಂಚು, ಎದೆಯ ಮೇಲಿನ ಸುತ್ತಳತೆ 40 ಇಂಚು ಎಂದಿರಲಿ. ಹಳೆಯ ಕ್ರಮದಲ್ಲಿ ಕೆಳಗಿನ ಅಳತೆಗೆ ನಾಲ್ಕು ಇಂಚು ಸೇರಿಸುತ್ತಿದ್ದರು. ಆಗ ಪಟ್ಟಿ 38. ಉಳಿದ ವ್ಯತ್ಯಾಸ ಎರಡು ಇಂಚು, ಅಂದರೆ ಬಿ. ಹೆಚ್ಚು ಹಿಗ್ಗದ ಬಟ್ಟೆಯ ಕಾಲದಲ್ಲಿ ಅದು ನಡೆಯುತ್ತಿತ್ತೇನೋ. ಎಲಾಸ್ಟಿಕ್ ಪಟ್ಟಿಗೆ ಆ ನಾಲ್ಕು ಇಂಚು ಬೇಕಿಲ್ಲ. ಈಗಿನ ಕ್ರಮದಲ್ಲಿ ಪಟ್ಟಿ 34ಕ್ಕೆ 34 ಇಂಚೇ. ವ್ಯತ್ಯಾಸ ಆರು ಇಂಚು. ಇಂಚಿಗೊಂದು ಅಕ್ಷರದಂತೆ ಎ, ಬಿ, ಸಿ, ಡಿ, ಡಿಡಿ, ಇ ಎಂದು ಎಣಿಸಿದರೆ ಬ್ರಿಟಿಷ್ ಲೆಕ್ಕದಲ್ಲಿ ಅದು 34 ಇ. ಒಂದೇ ದೇಹ, ಒಬ್ಬರು 38 ಬಿ ಎನ್ನುತ್ತಾರೆ, ಇನ್ನೊಬ್ಬರು 34 ಇ ಎನ್ನುತ್ತಾರೆ. ಮೊದಲನೆಯದನ್ನು ಹಾಕಿಕೊಂಡರೆ ಸುತ್ತ ನಾಲ್ಕು ಇಂಚು ಸಡಿಲ, ಮುಂದೆ ಮಾತ್ರ ಇಕ್ಕಟ್ಟು.

ಸಡಿಲವಾದರೆ ಏನಾಗುತ್ತದೆ? ಎದೆಯ ಭಾರವನ್ನು ಹೆಚ್ಚಾಗಿ ಹೊರಬೇಕಾದದ್ದು ಆ ಅಡ್ಡಪಟ್ಟಿ. ಅದು ಅಗಲ, ಮೈಸುತ್ತ ಹಬ್ಬಿದೆ, ಒತ್ತಡ ಹಂಚಿಹೋಗುತ್ತದೆ. ಪಟ್ಟಿ ಸಡಿಲವಾದರೆ ಬೆನ್ನಿನ ಮೇಲೆ ಮೇಲಕ್ಕೆ ಸರಿಯುತ್ತದೆ, ಮುಂದೆ ಇಳಿಬೀಳುತ್ತದೆ. ಇಳಿಬಿದ್ದಿತೆಂದು ಹೆಂಗಸರು ಭುಜದ ಪಟ್ಟಿಯನ್ನು ಎಳೆದು ಬಿಗಿ ಮಾಡುತ್ತಾರೆ. ಎಳೆದಷ್ಟೂ ಹಿಂದಿನ ಪಟ್ಟಿ ಇನ್ನೂ ಮೇಲಕ್ಕೇರುತ್ತದೆ. ಕೊನೆಗೆ ಇಡೀ ಭಾರ ಅರ್ಧ ಇಂಚು ಅಗಲದ ಎರಡು ಎಳೆಗಳಿಗೆ ಜೋತುಬೀಳುತ್ತದೆ. ಆ ಗೀರುಗಳ ಹುಟ್ಟು ಇದು. ದೇಹದ ಈ ಭಾಗದಲ್ಲಿ ಆಧಾರಕ್ಕೆ ಮೂಳೆಯಿಲ್ಲ. ಇರುವುದು ಹಾಲಿನ ಗ್ರಂಥಿ, ಕೊಬ್ಬು, ಇವನ್ನು ಹಿಡಿದಿಡುವ ತೆಳುವಾದ ತಂತುಗಳು ಮತ್ತು ಚರ್ಮ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1840ರಲ್ಲಿ ಈ ತಂತುಗಳನ್ನು ವಿವರಿಸಿದ್ದರಿಂದ ಅವಕ್ಕೆ ಇಂದಿಗೂ ಅವನ ಹೆಸರೇ ಇದೆ. ಯಾರ ಎದೆ ಎಷ್ಟು ಗಾತ್ರ ಎನ್ನುವುದು ಅನುವಂಶೀಯತೆ, ಮೈತೂಕ, ವಯಸ್ಸು, ಬಸಿರು ಬಾಣಂತನಗಳಿಗೆ ಸಂಬಂಧಿಸಿದ್ದು. ಗುಣನಡತೆಗೆ ಸಂಬಂಧಿಸಿದ್ದಲ್ಲ. ಇದನ್ನು ಬರೆಯಬೇಕಾಗಿ ಬಂದದ್ದೇ ಬೇಸರದ ಸಂಗತಿ. ಆದರೆ ಮದುವೆಮನೆಗಳಲ್ಲಿ ಹಿರಿಯ ಹೆಂಗಸರೇ ಆಡುವ ಮಾತು ಕೇಳಿದ್ದೇನೆ, ಆದ್ದರಿಂದ ಬರೆದೆ.

ದೊಡ್ಡ ಅಳತೆಯದನ್ನು ಹೊಲಿಯುವುದು ಚಿಕ್ಕದನ್ನು ಹಿಗ್ಗಿಸಿದಷ್ಟು ಸುಲಭವಲ್ಲ. 1638ರಲ್ಲಿ ಗೆಲಿಲಿಯೋ ತನ್ನ ಕೊನೆಯ ಪುಸ್ತಕದಲ್ಲಿ ಒಂದು ಸಣ್ಣ ಮೂಳೆ, ಒಂದು ದೊಡ್ಡ ಮೂಳೆಯ ಚಿತ್ರ ಬರೆದು ತೋರಿಸಿದ್ದ: ಪ್ರಾಣಿ ದೊಡ್ಡದಾದಷ್ಟೂ ಅದರ ಮೂಳೆ ಪ್ರಮಾಣ ಮೀರಿ ದಪ್ಪವಾಗಬೇಕು. ಉದ್ದ, ಅಗಲ, ಎತ್ತರ ಮೂರೂ ಶೇ 20ರಷ್ಟು ಹೆಚ್ಚಿದರೆ ಮೇಲ್ಮೈ ಹೆಚ್ಚುವುದು ಶೇ 44, ಗಾತ್ರ ಹೆಚ್ಚುವುದು ಸುಮಾರು ಶೇ 73. ಭಾರ ಓಡುತ್ತದೆ, ಬಟ್ಟೆ ಹಿಂದೆ ಬೀಳುತ್ತದೆ. ಹಾಗಾಗಿ ದೊಡ್ಡ ಅಳತೆಗೆ ಮೂರು ನಾಲ್ಕು ತುಂಡು ಕತ್ತರಿಸಿ ಜೋಡಿಸಿದ ಬಟ್ಟಲು, ಅಗಲ ಪಟ್ಟಿ, ಹಿಂದೆ ಎರಡರ ಬದಲು ಮೂರು ನಾಲ್ಕು ಸಾಲು ಕೊಕ್ಕೆ, ಹಿಗ್ಗದ ಒಳಪದರ ಎಲ್ಲ ಬೇಕು. ಖರ್ಚು ಹೆಚ್ಚು. ಅಷ್ಟೆಲ್ಲ ತಲೆಕೆಡಿಸಿಕೊಳ್ಳದ ತಯಾರಕರು ಒಂದೆರಡು ನಮೂನೆ ಹೊಲಿದು, ಬಿಳಿ ಅಥವಾ ಮೈಬಣ್ಣದಲ್ಲಿ ಬಿಟ್ಟು, ಕೈ ತೊಳೆದುಕೊಳ್ಳುತ್ತಾರೆ. ಚಿಕ್ಕ ಅಳತೆಯವರಿಗೆ ಕಸೂತಿ, ಬಣ್ಣ, ಹೂವು. ದೊಡ್ಡ ಅಳತೆಯವರಿಗೆ ಆಸ್ಪತ್ರೆಯ ಬ್ಯಾಂಡೇಜಿನಂಥದ್ದು.

ಇದು ನಮ್ಮ ಊರಿನ ಕಷ್ಟ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಸಾರಾ ಟ್ರೆಮೆಲೆನ್ ಎಂಬಾಕೆಗೆ ಬಸಿರಾಗಿದ್ದಾಗ ತನಗೆ ಹೊಂದುವ ಒಳ ಉಡುಪೇ ಸಿಗಲಿಲ್ಲ, ಸಿಕ್ಕದ್ದು ಚೆನ್ನಾಗಿರಲಿಲ್ಲ. 1995ರಲ್ಲಿ ಆಕೆ ಗೆಳತಿಯೊಬ್ಬಳ ಜತೆ ಸೇರಿ, ಡಿ ಮತ್ತು ಅದಕ್ಕಿಂತ ದೊಡ್ಡ ಬಟ್ಟಲಿನವನ್ನು ಮಾತ್ರ ಅಂಚೆಯ ಮೂಲಕ ಮಾರುವ ಬ್ರವಿಸ್ಸಿಮೊ ಎಂಬ ಕಂಪನಿ ತೆರೆದಳು. ಬಣ್ಣಬಣ್ಣದವು, ಕಸೂತಿಯವು. ಅದು ಬೆಳೆದು ಊರೂರಿನಲ್ಲಿ ಅಂಗಡಿಗಳಾದವು. ಬೇಡಿಕೆ ಇರಲಿಲ್ಲ ಎಂದಲ್ಲ, ಕೇಳಿದವರಿರಲಿಲ್ಲ ಅಷ್ಟೆ.

ಮಗಳು ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದಳು. ಅಳತೆ ತೆಗೆಯಲು ಹೆಣ್ಣುಮಗಳೇ ಇರುವ ಅಂಗಡಿ. ಹಾಕಿ ನೋಡಲು ಕೋಣೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಪತ್ರಿಕೆ ಓದಿದೆ. ನನ್ನಂಥ ಇನ್ನಿಬ್ಬರು ಗಂಡಂದಿರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಹೆಂಡತಿ ಆಮೇಲೆ ಹೇಳಿದ್ದು: ಒಂಬತ್ತನ್ನು ಹಾಕಿ ನೋಡಿ ಒಂದನ್ನು ಆರಿಸಿದರಂತೆ. ಅಳತೆ ಟೇಪು ಬಾಗಿಲ ತನಕ ಮಾತ್ರ ಕರೆದೊಯ್ಯುತ್ತದೆ. ಸರಿಯೋ ಇಲ್ಲವೋ ಎಂದು ಹೇಳಬೇಕಾದದ್ದು ಮೈ. ಆ ಹೆಣ್ಣುಮಗಳು ಹೇಳಿಕೊಟ್ಟ ಪರೀಕ್ಷೆ ಇಷ್ಟು: ಹಿಂದಿನ ಪಟ್ಟಿ ನೆಲಕ್ಕೆ ಸಮಾನಾಂತರವಾಗಿರಬೇಕು, ಅದರಡಿ ಎರಡು ಬೆರಳಷ್ಟೇ ಹೋಗಬೇಕು. ತಂತಿ ಇರುವುದಾದರೆ ನಡುವಿನ ತುಂಡು ಎದೆಮೂಳೆಗೆ ತಾಗಿರಬೇಕು. ಬಟ್ಟಲಿನ ಅಂಚಿನಲ್ಲಿ ಉಕ್ಕಬಾರದು, ಒಳಗೆ ಸುಕ್ಕೂ ಇರಬಾರದು. ಎರಡೂ ಕೈ ಮೇಲೆತ್ತಿದರೆ ಪಟ್ಟಿ ಸರಿಯಬಾರದು. ಹೊಸದನ್ನು ತೀರಾ ಹೊರಗಿನ ಸಾಲಿನ ಕೊಕ್ಕೆಗೆ ಹಾಕಿಕೊಳ್ಳಬೇಕು. ಎಲಾಸ್ಟಿಕ್ ಸಡಿಲವಾದಂತೆ ಒಳಸಾಲಿಗೆ ಬರಬಹುದು. ಕಂಪನಿಯಿಂದ ಕಂಪನಿಗೆ ಅಕ್ಷರಗಳೂ ಬೇರೆಯಾಗುತ್ತವೆ, ಆದ್ದರಿಂದ ಡಬ್ಬ ನೋಡಿ ಮೋಸಹೋಗಬಾರದು.

ಕನಕಾಂಬರ ಬಣ್ಣದ, ಅಂಚಿಗೆ ಕಸೂತಿಯಿದ್ದ ಒಂದನ್ನು ಮಗಳು ಎತ್ತಿಕೊಂಡಾಗ ಅವಳಮ್ಮ, "ಈ ವಯಸ್ಸಿಗೆ ಯಾರು ನೋಡ್ಬೇಕೇ ಅದನ್ನ?" ಎಂದಳಂತೆ. "ಬೆಳಿಗ್ಗೆ ಹಾಕ್ಕೊಳ್ಳೋವಾಗ ನೀನು ನೋಡ್ತೀಯಲ್ಲಮ್ಮ" ಎಂದಳಂತೆ ಮಗಳು. ಬಿಲ್ಲು ನೋಡಿ ನನಗೆ ಒಂದು ಕ್ಷಣ ಉಸಿರು ನಿಂತದ್ದು ನಿಜ. ನಾನು ಹಾಕಿದ್ದ ಚಪ್ಪಲಿಯ ಬೆಲೆ ನೆನಪಾಗಿ ಸುಮ್ಮನಾದೆ. ಕತ್ತುನೋವು ಪೂರ್ತಿ ಹೋಗಿಲ್ಲ. ಬರೆಯಬೇಕೆಂದರೆ ನಿಜವನ್ನೇ ಬರೆಯಬೇಕು. ಆದರೆ ಮುಲಾಮಿನ ಡಬ್ಬಿ ಈಗ ತಿಂಗಳಿಗೊಂದು ಖಾಲಿಯಾಗುವುದಿಲ್ಲ. ಅವಳು ನೆಟ್ಟಗೆ ನಡೆಯುತ್ತಾಳೆ.

ಶಾಲೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪುಟ ಓದುವವರಲ್ಲಿ ಹೆಚ್ಚಿನವರು ಅಲ್ಲಿಯವರೇ. ಏಳನೇ ತರಗತಿಯವರೆಗೆ ಖೊಖೊದಲ್ಲಿ ಗಾಳಿಯಂತೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುವ ಹೊತ್ತಿಗೆ "ಹೊಟ್ಟೆನೋವು ಸಾರ್" ಎಂದು ಮರದ ಕೆಳಗೆ ಕೂರುತ್ತಾರೆ. ಎಲ್ಲದಕ್ಕೂ ಕಾರಣ ಒಂದೇ ಅಲ್ಲ, ಆದರೆ ಇದೂ ಒಂದು ಕಾರಣ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಜೋನ್ನಾ ಸ್ಕರ್ ಮತ್ತು ಸಂಗಡಿಗರು 11ರಿಂದ 18 ವಯಸ್ಸಿನ 2,089 ವಿದ್ಯಾರ್ಥಿನಿಯರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟೋಟದಲ್ಲಿ ಭಾಗವಹಿಸಲು ಇದು ಸ್ವಲ್ಪವಾದರೂ ಅಡ್ಡಿ ಎಂದವರು ಶೇ 46. ಅದೇ ವಿಶ್ವವಿದ್ಯಾಲಯದವರು, 2022ರಲ್ಲಿ ಯುರೋಪಿಯನ್ ಚಾಂಪಿಯನ್ ಆದ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯರಿಗೆ ಒಬ್ಬೊಬ್ಬರಿಗೂ ಹೊಂದುವ ಸ್ಪೋರ್ಟ್ಸ್ ಬ್ರಾ ಆರಿಸಿಕೊಟ್ಟಿದ್ದರು. ಆ ಉಡುಪಿನ ಹುಟ್ಟೂ ತಮಾಷೆಯದು. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು, ಗಂಡಸರು ಆಟದಲ್ಲಿ ಕಟ್ಟುವ ಎರಡು ಲಂಗೋಟಿಗಳನ್ನು ಜೋಡಿಸಿ ಹೊಲಿದು ಮೊದಲನೆಯದನ್ನು ಮಾಡಿದರು. ನಮ್ಮ ಶಾಲೆಯಲ್ಲಿ ಈಗ ಹಿಂದಿ ಮೇಡಂ ವರ್ಷಕ್ಕೊಮ್ಮೆ ತಾಯಂದಿರನ್ನು ಕೂರಿಸಿಕೊಂಡು ಇದನ್ನೆಲ್ಲ ಮಾತಾಡುತ್ತಾರೆ. ಟೇಪು ನನ್ನದು, ಮಾತು ಅವರದು.

ಒಗೆಯುವ ವಿಷಯ ಎರಡೇ ಮಾತು. ಬಿಸಿನೀರು, ಬ್ರಷ್ಷು, ಹಿಂಡುವುದು ಮೂರೂ ಎಲಾಸ್ಟಿಕ್ಕಿನ ಶತ್ರುಗಳು. ಸೀರೆಯ ಕೆಳಗೆ, ಟವೆಲ್ಲಿನ ಮರೆಯಲ್ಲಿ ಒಣಗಿಸುವ ಪದ್ಧತಿಯಿಂದ ತೇವ ಉಳಿದು ಮಳೆಗಾಲದಲ್ಲಿ ತುರಿಕೆ ಹತ್ತುತ್ತದೆ, ಗಾಳಿಗೆ ಹಾಕಿ. ಇದನ್ನು ಹಾಕಿಕೊಂಡರೆ ಕ್ಯಾನ್ಸರ್ ಬರುತ್ತದೆ ಎಂಬ ಮಾತೂ ಮೊಬೈಲಿನಲ್ಲಿ ತಿರುಗುತ್ತಿರುತ್ತದೆ. ಅಮೆರಿಕದ ಸಿಯಾಟಲ್ಲಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧವೇನೂ ಕಂಡುಬರಲಿಲ್ಲ. ಗಂಟು ಕೈಗೆ ಸಿಕ್ಕರೆ ಮಾತ್ರ ತಡಮಾಡದೆ ಡಾಕ್ಟರರ ಬಳಿ ಹೋಗಬೇಕು.

ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಅರವತ್ತೆರಡು. ಚಿಕ್ಕಂದಿನಿಂದಲೂ ಸೆರಗು ಎಳೆದುಕೊಂಡು, ಭುಜ ಮುಂದಕ್ಕೆ ಬಾಗಿಸಿಯೇ ನಡೆದವಳು. ಗೂನು ಎಂದು ಎಲ್ಲರೂ ಅಂದುಕೊಂಡಿದ್ದೇವೆ. ಹೋದ ತಿಂಗಳು ಮಗಳು ಫೋನಿನಲ್ಲಿ ಅವಳಿಗೆ, ಟೇಪು ಎಲ್ಲಿ ಹಿಡಿಯಬೇಕು, ಉಸಿರು ಯಾವಾಗ ಬಿಡಬೇಕು ಎಂದು ಹೇಳಿಕೊಟ್ಟಳು. ಅಕ್ಕ ಎರಡು ಅಂಕಿ ಹೇಳಿದಳು, ಮಗಳು ಬರೆದುಕೊಂಡಳು. ಫೋನು ಇಡುವ ಮೊದಲು ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿತು: "ಅಲ್ಲ ಕಣೇ, ನಿಮ್ಮಮ್ಮಂಗೆ ತಂದಿಯಲ್ಲ, ಆ ಬಣ್ಣದ್ದು ನನ್ನ ಸೈಜಲ್ಲೂ ಬರುತ್ತಾ?"